ಕೂಗುಗಲ್ಲಿನ ಹಂಪವ್ವ

ಯುಗಾದಿ ಮುಗಿದ ವಾರ ನಮ್ಮೂರಿಗೆ ಬಂದು ನೋಡಬೇಕು ನೀವು. ಅಷ್ಟು ಸದ್ದಿಲ್ಲದ ಊರು ಮತ್ತೊಂದು ಇರಲಿಕ್ಕಿಲ್ಲ. ಹಬ್ಬದ ದಿನ ಬೇವುಬೆಲ್ಲ ಬಾಯಿಗೆ ಹಾಕಿಕೊಂಡು ಎಲ್ಲರೂ ತಮಗೆ ತಾವೇ ಮಾತು ಕೊಟ್ಟುಕೊಳ್ಳುತ್ತಾರೆ. ನಾಳೆಯಿಂದ ತಂಬಾಕು ಬಿಟ್ಟೆ ಅನ್ನುವವನೊಬ್ಬ, ಕೋಳಿ ಕೂಗುವ ಮೊದಲೇ ಏಳುತ್ತೇನೆ ಅನ್ನುವವನೊಬ್ಬ, ಇನ್ನು ಅತ್ತೆಯ ಜೊತೆ ಜಗಳವಿಲ್ಲ ಅನ್ನುವ ಸೊಸೆ ಒಬ್ಬಳು. ವಾರ ಕಳೆಯುವುದರೊಳಗೆ ಸಂತೆಯಲ್ಲಿ ಅರ್ಧ ಜನ ಕೈಸನ್ನೆ ಮಾಡಿ ಬದನೆಕಾಯಿ ಕೊಳ್ಳುತ್ತಿರುತ್ತಾರೆ. ಯಾಕೆಂದರೆ ತನಗೆ ತಾನು ಕೊಟ್ಟುಕೊಂಡ ಮಾತು ತಪ್ಪಿದರೆ ನಮ್ಮಲ್ಲಿ ದನಿ ಇಳಿಯುತ್ತದೆ. ನಡೆಸಿದರೆ ಏರುತ್ತದೆ. ಅಷ್ಟೇ.

ಬೇರೆಯವರಿಗೆ ಕೊಟ್ಟ ಮಾತು ತಪ್ಪಿದರೆ ಏನೂ ಆಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಳ್ಳ ಯಂಕನ ಕಂಠ ಕಂಚಿನದು. ಅಮಾವಾಸ್ಯೆಗೊಂದು ಮನೆ ಅಂತ ತನಗೆ ತಾನೇ ಮಾತು ಕೊಟ್ಟುಕೊಂಡಿದ್ದಾನೆ, ಒಂದು ಅಮಾವಾಸ್ಯೆಯೂ ತಪ್ಪಿಸಿಲ್ಲ. ಶ್ರಾವಣದಲ್ಲಿ ಮಠದ ಭಜನೆಗೆ ಅವನನ್ನೇ ಮುಂದೆ ಕೂರಿಸುತ್ತಾರೆ. ಏನು ಮಾಡುವುದು, ಕಂಠ ಬೇಕಲ್ಲ! ಗಂಡು ನೋಡಲು ಹೋದವರು ನಮ್ಮಲ್ಲಿ ಹೊಲ ಎಷ್ಟು ಅಂತ ಕೇಳುವುದಿಲ್ಲ, ‘ಆ ಎತ್ತನ್ನ ಒಮ್ಮೆ ಕೂಗಿ ಕರಿಯಪ್ಪಾ’ ಅನ್ನುತ್ತಾರೆ. ಚಹದಂಗಡಿಯಲ್ಲಿ ಒಲೆಗೆ ತಾಗಿದ ಬೆಂಚನ್ನು ದನಿ ಇಳಿದವರಿಗೆ ಬಿಟ್ಟಿರುತ್ತಾರೆ, ಪಿಸುಗುಟ್ಟಿದರೂ ಚಹ ಕಾಸುವವನಿಗೆ ಕೇಳಲಿ ಅಂತ. ಜಾಣತನ ಮಾಡಿದವರೂ ಇದ್ದಾರೆ: ‘ನಾಳೆ ಉಸಿರಾಡ್ತೀನಿ, ನಾಳೆ ಉಣ್ತೀನಿ’ ಅಂತ ಮಾತು ಕೊಟ್ಟುಕೊಂಡು ನಡೆಸಿ ನೋಡಿದರು. ಒಂದು ಎಳೆಯೂ ಏರಲಿಲ್ಲ. ದನಿಗೆ ಎಲ್ಲ ಗೊತ್ತಾಗುತ್ತದೆ ಕಣ್ರೀ.

ನಾನು ಗಿರಣಿ ಅಂಬಕ್ಕ. ಊರಿಗೆಲ್ಲ ಜೋಳ ಬೀಸಿಕೊಡುವವಳು. ನನ್ನ ದನಿ ಆರಕ್ಕೇರಿಲ್ಲ, ಮೂರಕ್ಕಿಳಿದಿಲ್ಲ, ಯಾಕೆಂದರೆ ನಾನು ನನಗೆ ಯಾವ ಮಾತೂ ಕೊಟ್ಟುಕೊಳ್ಳುವುದಿಲ್ಲ. ಗಿರಣಿಯ ಗದ್ದಲದಲ್ಲೇ ಮುದುಕಿಯಾಗುತ್ತಿರುವುದರಿಂದ ತುಟಿ ನೋಡಿ ಮಾತು ತಿಳಿದುಕೊಳ್ಳುವುದು ನನಗೆ ಅಭ್ಯಾಸವಾಗಿದೆ. ಹಂಪವ್ವ ನನಗೆ ಹತ್ತಿರವಾದದ್ದೂ ಅದರಿಂದಲೇ.

ಹಂಪವ್ವ ಗಂಡ ಬಿಟ್ಟ ಹೆಂಗಸು. ಅಣ್ಣ ಗುರುಪಾದನ ಮನೆಯಲ್ಲಿ ಇದ್ದಳು. ಮನೆಯ ಯಜಮಾನಿಕೆ ಅವಳ ವೈನಿ, ಅಂದರೆ ಅತ್ತಿಗೆ, ಶರಣವ್ವನದು. ಬಂದ ಹೊಸದರಲ್ಲಿ ಹಂಪವ್ವನಿಗೆ ಒಳ್ಳೆಯ ದನಿಯೇ ಇತ್ತು. ಪ್ರತಿದಿನ ಮಲಗುವಾಗ ಅವಳು ತನಗೆ ತಾನು ಹೇಳಿಕೊಳ್ಳುವಳು: ‘ನಾಳೆ ವೈನಿಗೆ ಹೇಳೇಬಿಡ್ತೀನಿ, ಎಲ್ಲಾರ ಅರಿವಿ ನಾ ಒಬ್ಬಾಕೇನೇ ಒಗಿಯೂದಿಲ್ಲ ಅಂತ.’ ಬೆಳಗಾದರೆ ಬಟ್ಟೆಯ ಗಂಟು ಎತ್ತಿಕೊಂಡು ಹೊಳೆಗೆ ಹೋಗುವಳು. ಹೀಗೆ ಹೇಳದೆ ಉಳಿದ ಮಾತೇ ವರ್ಷವರ್ಷ ಅವಳ ದನಿ ತಿನ್ನುತ್ತ ಬಂತು. ಕೊನೆಗೆ ಊಟದ ಹೊತ್ತಿಗೆ ಇನ್ನೊಂದು ರೊಟ್ಟಿ ಬೇಕಾದರೆ ತಾಟು ಬಡಿಯಬೇಕು. ತಾಟು ಬಡಿದರೆ ಶರಣವ್ವ, ‘ಬಡೀಬ್ಯಾಡ, ದರಿದ್ರ ಬರ್ತೈತಿ’ ಅನ್ನುವಳು. ಹಸಿದುಕೊಂಡೇ ಎದ್ದ ದಿನಗಳೆಷ್ಟೋ. ಹೇಳಿದರೆ ಹೊಟ್ಟೆ ಉರಿಯುತ್ತದೆ.

ಈಗ ಹೊಳೆಯ ವಿಷಯ. ನಮ್ಮೂರಿನ ಸಂತೆ ಹೊಳೆಯ ಆಚೆ ದಂಡೆಯಲ್ಲಿದೆ. ನೀರು ಇಳಿದ ಮೇಲೆ ಮೊಣಕಾಲುದ್ದ ನೀರಿನಲ್ಲಿ ನಡೆದು ದಾಟುತ್ತೇವೆ. ದಾರಿ ನೆಟ್ಟಗಿದೆ, ಆದರೆ ಅದರ ಪಕ್ಕದಲ್ಲೇ ಆನೆ ಮುಳುಗುವಂಥ ಮಡು. ಮಾಗಿಯ ಮಂಜು ಇಳಿದರೆ ಚಾಚಿದ ಕೈ ಕಾಣುವುದಿಲ್ಲ. ಅದಕ್ಕೇ ಈ ದಂಡೆಯಲ್ಲಿ ಕೂಗುಗಲ್ಲು ಅಂತ ಒಂದು ಬಂಡೆ ಇದೆ. ಬೆಳಕು ಹರಿಯುವ ಮೊದಲೇ ಅದರ ಮೇಲೆ ಒಬ್ಬರು ನಿಂತು, ‘ಬರ್ರೀ, ಹಿಂಗ ಬರ್ರೀ’ ಅಂತ ಕೂಗುತ್ತಲೇ ಇರಬೇಕು. ಹೋಗುವವರು ಆ ದನಿಯನ್ನು ಬೆನ್ನಿಗಿಟ್ಟುಕೊಂಡು ನಡೆಯುತ್ತಾರೆ, ಬರುವವರು ಮುಖಕ್ಕಿಟ್ಟುಕೊಂಡು. ಗಂಟೆ ಹೊಡೆದು ನೋಡಿದ್ದಾರೆ, ಹಲಗೆ ಬಡಿದು ನೋಡಿದ್ದಾರೆ. ನಮ್ಮ ಮಂಜು ಅವನ್ನೆಲ್ಲ ನುಂಗಿಬಿಡುತ್ತದೆ. ಮನುಷ್ಯರ ದನಿಯನ್ನು ಮಾತ್ರ ಬಿಟ್ಟುಕೊಡುತ್ತದೆ.

ಬಹಳ ವರ್ಷ ಆ ಕಲ್ಲಿನ ಮೇಲೆ ನಿಂತಿದ್ದವನು ಬಾಳಜ್ಜ. ಆ ವರ್ಷ ಪಂಚಮಿ ಹಬ್ಬ ಮುಗಿದ ಮೇಲೆ ‘ಇನ್ನ ಮಣಕಾಲು ಕೇಳವಲ್ಲವು’ ಅಂತ ಬಾಳಜ್ಜ ಕೆಳಗಿಳಿದ. ದೀಪಾವಳಿ ಕಳೆದ ಮೇಲೆ ಪರೀಕ್ಷೆ ಇಟ್ಟು ಹೊಸಬರನ್ನು ಆರಿಸುತ್ತೇವೆ ಅಂತ ಪಂಚರು ಡಂಗುರ ಹೊಡೆಸಿದರು. ಕೂಗುವವರಿಗೆ ಊರಿನಿಂದ ಕಾಳುಕಡಿ ಸಿಗುತ್ತದೆ, ಜೊತೆಗೆ ಕಲ್ಲಿನ ಪಕ್ಕದ ಒಂದಂಕಣದ ಮನೆ. ಅದರ ಬಾಗಿಲು ಹೊಳೆಯ ಕಡೆಗೆ.

ಆ ವಾರ ಹಂಪವ್ವ ಜೋಳ ತಂದಳು. ಡಬ್ಬಿ ಇಳಿಸಿ ನನ್ನ ಮುಂದೆ ಬಂದು ನಿಂತು ತುಟಿ ಅಲ್ಲಾಡಿಸಿದಳು. ನಾನು ತಪ್ಪು ತಿಳಿದೆನೇನೋ ಅಂತ ಗಿರಣಿ ನಿಲ್ಲಿಸಿದೆ.

“ಏನಂದಿ? ಇನ್ನೊಮ್ಮೆ ಅನ್ನು.”

“ಅಕ್ಕಾ, ಬಾಳಜ್ಜನ ಜಾಗಕ್ಕ ನಾ ನಿಲ್ತೀನಿ.”

ನಗು ತಡೆಯಲಾಗಲಿಲ್ಲ ನನಗೆ. “ಯವ್ವಾ ನಮ್ಮವ್ವಾ! ನಿನ್ನ ದನಿ ನಿನ್ನ ಕಿವಿಗೇ ಕೇಳಸೂದಿಲ್ಲ, ಹೊಳಿ ಆಚಿಗೆ ಕೇಳಸ್ತಿ?”

ಅವಳು ನಗಲಿಲ್ಲ. “ಆ ಮನಿ ಬೇಕಕ್ಕ ನನಗ,” ಅಂದಳು. “ನಂದು ಅಂತ ಒಂದು ಬಾಗ್ಲಾ. ಒಳಗ ಕುಂತು ಇನ್ನೊಂದು ರೊಟ್ಟಿ ಬೇಕು ಅಂದ್ರ, ನನಗ ನಾನ ಕೇಳಬೇಕು, ನನಗ ನಾನ ನೀಡಬೇಕು.”

ನನ್ನ ನಗು ಅಲ್ಲಿಗೇ ನಿಂತಿತು. ಗಿರಣಿ ಮತ್ತೆ ಶುರು ಮಾಡಿದೆ.

ಶುರುವಿನ ಹುರುಪು ಏನು ಕೇಳುತ್ತೀರಿ! ಒಂದೇ ದಿನ ಅವಳು ತನಗೆ ತಾನು ಒಂದು ಮೂಟೆ ಮಾತು ಕೊಟ್ಟುಕೊಂಡಳು. ನಸುಕಿಗೆ ಏಳುವುದು, ತಣ್ಣೀರಿನಲ್ಲಿ ಮುಳುಗುವುದು, ಗುಡ್ಡ ಹತ್ತಿ ಇಳಿಯುವುದು, ಎಲೆ ಅಡಿಕೆ ಬಿಡುವುದು, ಒಂದೇ ಹೊತ್ತು ಉಣ್ಣುವುದು, ವೈನಿಗೆ ಎದುರು ಮಾತಾಡುವುದು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಮೊದಲ ದಿನ ಎಲ್ಲ ನಡೆಯಿತು. ಮರುದಿನ ಗುಡ್ಡದ ಮೇಲೆ ಕಣ್ಣುಕತ್ತಲೆ ಬಂದು ಕುಸಿದಳು, ಯಾರೋ ಎಲೆ ಅಡಿಕೆ ಕೊಟ್ಟರು, ತಿಂದಳು. ಅಲ್ಲಿಂದ ಒಂದಾದ ಮೇಲೊಂದು ಮಾತು ಉದುರಿದವು. ವಾರದ ಕೊನೆಗೆ ಅವಳು ಕೆಮ್ಮಿದರೂ ಸದ್ದು ಬರುತ್ತಿರಲಿಲ್ಲ. ಶರಣವ್ವ ಬಾವಿಕಟ್ಟೆಯಲ್ಲಿ ಕೊಡ ಇಳಿಸಿ, “ಕೂಸು ಹುಟ್ಟೂಕಿಂತ ಮುಂಚೆ ಕುಲಾಯಿ ಹೊಲಸಾಕ ಹೋಗಿದ್ಳು ನಮ್ಮಾಕಿ,” ಅಂತ ಎಲ್ಲರೆದುರು ಆಡಿಕೊಂಡಳು.

ಹಂಪವ್ವ ಗಿರಣಿಗೆ ಬಂದು ಹಿಟ್ಟಿನ ಚೀಲದ ಮೇಲೆ ಕೂತಳು. ಕಣ್ಣೀರು ಸುರಿಯುತ್ತಿತ್ತು, ಸದ್ದು ಮಾತ್ರ ಇಲ್ಲ. ಅದನ್ನು ನೋಡುವುದು ಇನ್ನೂ ಕಷ್ಟ.

“ಸಾಕು ಬಿಡು ತಂಗಿ,” ಅಂದೆ. “ತಲಿ ಗಟ್ಟಿ ಐತಿ ಅಂತ ಬಂಡಿ ಹಾಯಬಾರದು.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು, ತುಟಿ ಕಾಣಲಿ ಅಂತ. “ಅಕ್ಕಾ, ಒಂದು ಮಾತು ಹೊಳೀತು. ಇನ್ನ ಇಳಿಯಾಕ ನನ್ನ ಕಡೆ ದನೀನ ಇಲ್ಲ.”

“ಹಂಗಾರ?”

“ಹಂಗಾರ ಹೆದರಾಕೂ ಏನೂ ಇಲ್ಲ.”

ಹಾಗಂದು ಎದ್ದು ಹೋದಳು. ಆ ಮಾತಿಗೆ ಅಳಬೇಕೋ ನಗಬೇಕೋ ನನಗೆ ತಿಳಿಯಲಿಲ್ಲ.

ಮರುದಿನ ಬಟ್ಟೆ ಒಗೆಯುವ ಹೆಂಗಸರು ಗಿರಣಿಗೆ ಬಂದು ಬಿದ್ದು ಬಿದ್ದು ನಕ್ಕರು. ನಸುಕಿನಲ್ಲಿ ಹಂಪವ್ವ ಒಗೆಯುವ ಕಲ್ಲುಗಳ ಹತ್ತಿರ ಬಂದಳಂತೆ, ಆಚೆ ದಂಡೆಯ ಕಡೆ ಮುಖ ಮಾಡಿ ನಿಂತಳಂತೆ, ಮೀನಿನ ಹಾಗೆ ಬಾಯಿ ತೆರೆದಳಂತೆ, ಮುಚ್ಚಿದಳಂತೆ, ಮನೆಗೆ ಹೋದಳಂತೆ. ಇದೇನು ಹೊಸ ನಾಟಕ ಅಂತ ನನಗೂ ಕುತೂಹಲ. ಅದರ ಮರುದಿನ ನಾನೇ ಹೋಗಿ ಹೊಂಗೆ ಗಿಡದ ಕೆಳಗೆ ಕೂತೆ. ನಿಜ. ಬಂದಳು, ಎರಡೂ ಕಾಲು ಊರಿ ನಿಂತಳು, ಕುತ್ತಿಗೆಯ ನರ ಉಬ್ಬುವ ಹಾಗೆ ಕೂಗಿದಳು. ಏನೂ ಕೇಳಿಸಲಿಲ್ಲ. ಹೊಳೆಯ ನೀರಿನ ಸದ್ದು ಅಷ್ಟೇ.

“ಇದರಾಗ ಏನೈತಿ ತಂಗಿ?” ಅಂತ ಕೇಳಿದೆ.

“ದಿನಾ ಒಮ್ಮೆ ಇಲ್ಲಿ ಬಂದು ಕೂಗ್ತೀನಿ ಅಂತ ಮಾತು ಕೊಟ್ಕೊಂಡೀನಿ. ಇದೊಂದ. ದನಿ ಬಂದ್ರ ಬಂತು, ಬರದಿದ್ರ ಇಲ್ಲ, ಅದು ನನ್ನ ಕೈಯಾಗಿಲ್ಲ. ಬರೂದು, ಬಾಯಿ ತೆರಿಯೂದು, ಇವೆರಡು ನನ್ನ ಕೈಯಾಗದಾವ.”

“ನಗ್ತಾರಲ್ಲ?”

“ನಗಲಿ. ನಗೂದು ಅವರ ಕೈಯಾಗೈತಿ.”

ಅಯ್ಯೋ, ಎಂಥ ಹೆಣ್ಣು ಇದು ಅನ್ನಿಸಿತು. ಮಳೆ ಬಂದರೆ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಬರುವಳು. ಜ್ವರ ಬಂದ ದಿನ ಗೋಡೆ ಹಿಡಿದುಕೊಂಡು ಬಂದಳು. ಇದರಿಂದ ಊರಿಗೂ ಒಂದು ಮೋಜು ಸಿಕ್ಕಿತು. ನಸುಕಿಗೆ ಏಳದವರೂ ಎದ್ದು ನೋಡಲು ಬರತೊಡಗಿದರು. ಶ್ರಾವಣ ಕಳೆಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವಳ ಗಂಟಲಿನಿಂದ ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರ್ ಅಂತ ಒಂದು ಸದ್ದು ಹೊರಟಿತು. ಬೇರೆ ಯಾರಿಗಾದರೂ ಕೇಳಿಸಿತೋ ಇಲ್ಲವೋ, ನೀರಿನಲ್ಲಿ ಮಲಗಿದ್ದ ಒಂದು ಎಮ್ಮೆ ಕಿವಿ ನಿಮಿರಿಸಿ ಅವಳ ಕಡೆ ತಿರುಗಿತು. ಹಂಪವ್ವ ಕುಣಿದಾಡಿಬಿಟ್ಟಳು. ನನ್ನ ಕೈ ಹಿಡಿದು, “ಎಮ್ಮಿಗೆ ಕೇಳ್ತಕ್ಕಾ! ಎಮ್ಮಿಗೆ ಕೇಳ್ತು!” ಅಂತ ತುಟಿಯಲ್ಲೇ ಕೂಗಿದಳು. ನನ್ನ ಕಣ್ಣಲ್ಲೂ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಆ ಒಂದು ಮಾತು ಗಟ್ಟಿಯಾಗಿ ಕೂತ ಮೇಲೆ ಅದಕ್ಕೆ ಇನ್ನೊಂದನ್ನು ಕೂಡಿಸಿದಳು: ದಿನಕ್ಕೊಮ್ಮೆ, ಯಾವುದಕ್ಕಾದರೂ ಸರಿ, ‘ಆಗೂದಿಲ್ಲ’ ಅನ್ನುವುದು. ಮೊದಲು ಬೆಕ್ಕಿಗೆ ಅಂದಳು, ಹಾಲಿನ ಗಡಿಗೆಗೆ ಬಾಯಿ ಹಾಕಲು ಬಂದಾಗ. ಆಮೇಲೆ ಬಳೆಗಾರನಿಗೆ. ಆಮೇಲೆ ಸಂತೆಯಲ್ಲಿ ಕೊಳೆತ ಉಳ್ಳಾಗಡ್ಡಿ ತುರುಕಿದವನಿಗೆ. ಇದನ್ನೆಲ್ಲ ಹೇಳಲು ಗಿರಣಿಗೆ ಬರುವಾಗ ಅವಳ ನಡಿಗೆಯೇ ಬೇರೆಯಾಗಿತ್ತು. ಸೆರಗು ಸೊಂಟಕ್ಕೆ ಬಿಗಿದು ಬೀದಿಯ ನಡುವೆ ನಡೆಯುವಳು.

ಮಹಾನವಮಿಯ ಹಿಂದಿನ ದಿನ, ಮನೆಯ ಬಟ್ಟೆಯನ್ನೆಲ್ಲ ಒಗೆಯುವ ದಿನ, ನಾನು ಹಿಟ್ಟಿನ ಡಬ್ಬಿ ಕೊಡಲು ಅವರ ಮನೆಗೆ ಹೋಗಿದ್ದೆ. ಗುರುಪಾದ ಉಣ್ಣುತ್ತಿದ್ದ. ಶರಣವ್ವ ಸೀರೆಗಳ ಗಂಟು ತಂದು ಹಂಪವ್ವನ ಕಾಲ ಬಳಿ ಒಗೆದಳು. ಹಂಪವ್ವ ಗಂಟನ್ನು ನೋಡಿದಳು. ಅವಳ ಕುತ್ತಿಗೆ ಕೆಂಪಾಯಿತು. ಹೇಳು ತಾಯಿ, ಹೇಳು ಅಂತ ನಾನು ಮನಸ್ಸಿನಲ್ಲೇ ಜಪ ಮಾಡುತ್ತಿದ್ದೆ.

“ವೈನಿ, ನಿಮ್ಮ ಸೀರಿ ನೀವ ಒಗಕೊಳ್ರಿ,” ಅಂದಳು. “ನನಗ ಆಗೂದಿಲ್ಲ.”

ಕೇಳಿಸಿತು! ಅಡುಗೆಮನೆಯಿಂದ ಅಂಗಳದವರೆಗೂ ಕೇಳಿಸಿತು. ಗುರುಪಾದನಿಗೆ ರೊಟ್ಟಿ ಗಂಟಲಿಗೆ ಸಿಕ್ಕಿ ಕೆಮ್ಮು ಹತ್ತಿತು. ತಂಗಿಯ ದನಿ ಹೇಗಿತ್ತು ಅನ್ನುವುದನ್ನೇ ಅವನು ಮರೆತುಬಿಟ್ಟಿದ್ದ. ಶರಣವ್ವ ಬಾಯಿ ತೆರೆದವಳು ಹಾಗೇ ನಿಂತಳು. ಬೈಯಲು ಮಾತು ಹುಡುಕುತ್ತಿದ್ದಳೇನೋ, ಸಿಗುವುದರೊಳಗೆ ಹಂಪವ್ವ ತನ್ನ ಎರಡು ಸೀರೆ ಹೆಗಲಿಗೆ ಹಾಕಿಕೊಂಡು ಹೊಳೆಗೆ ಹೋಗಿಯಾಗಿತ್ತು. ಆ ಮನೆಯಲ್ಲಿ ಇನ್ನು ಅವಳಿಗೆ ಸುಖವಿಲ್ಲ ಅಂತ ನನಗೆ ಆಗಲೇ ಗೊತ್ತಾಯಿತು. ಅವತ್ತಿನಿಂದ ಶರಣವ್ವ ಅವಳಿಗೆ ಹಿತ್ತಲಲ್ಲಿ ತಾಟು ಹಾಕತೊಡಗಿದಳು. ಕೂಗುಗಲ್ಲಿನ ಮನೆ ಮೊದಲು ಆಸೆಯಾಗಿತ್ತು, ಈಗ ಅದು ಸಿಗದಿದ್ದರೆ ಗತಿಯಿಲ್ಲ ಅನ್ನುವಂತಾಯಿತು.

ಕಲ್ಲಿಗೆ ನಿಂತ ಇನ್ನೊಬ್ಬ ಗರಡಿ ಮನೆಯ ಕಾಡಪ್ಪ. ಒಳ್ಳೆಯ ಹುಡುಗ, ಹೆಂಡತಿ ಮಕ್ಕಳಿರುವವನು. ಬುದ್ಧಿ ಬಂದಾಗಿನಿಂದ ತನಗೆ ಕೊಟ್ಟುಕೊಂಡ ಮಾತನ್ನು ಒಮ್ಮೆಯೂ ತಪ್ಪಿದವನಲ್ಲ. ಏಳುವ ಹೊತ್ತಿಗೆ ಏಳುವನು, ಸಾಮು ಮಾಡುವ ಹೊತ್ತಿಗೆ ಮಾಡುವನು. ಅವನು ಸೀನಿದರೆ ಗುಡಿಯ ಪಾರಿವಾಳಗಳೆಲ್ಲ ಹಾರಿಹೋಗುತ್ತಿದ್ದವು. ಸೊಕ್ಕು ಮಾತ್ರ ಇರಲಿಲ್ಲ. ದಾರಿಯಲ್ಲಿ ಸಿಕ್ಕರೆ, “ಹಂಪಕ್ಕಾ, ನೀವೂ ನಿಲ್ರಿ. ಒಬ್ಬನ ನಿಂತ್ರ ಏನ್ ಮಜಾ,” ಅನ್ನುತ್ತಿದ್ದ.

ಪರೀಕ್ಷೆಯ ದಿನ ಊರೆಲ್ಲ ದಂಡೆಯಲ್ಲಿ. ಆಚೆ ದಂಡೆಯಲ್ಲಿ ಒಬ್ಬ ಬಿಳಿ ಪಂಚೆ ಹಿಡಿದು ನಿಂತಿದ್ದ, ಅವನ ಹಿಂದೆ ಗುಡ್ಡದ ಮೇಲೆ ಇನ್ನೊಬ್ಬ. ದನಿ ಕೇಳಿದರೆ ಪಂಚೆ ಎತ್ತಬೇಕು. ಮೊದಲು ಹಂಪವ್ವ ಕಲ್ಲು ಹತ್ತಿದಳು. ಕೂಗಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಆಚೆ ದಂಡೆಯ ಪಂಚೆ ಮೆಲ್ಲಗೆ ಮೇಲೆ ಹೋಯಿತು. ಹೋ ಅಂದರು ಜನ! ಮೀನು ಅಂತ ಆಡಿಕೊಂಡಿದ್ದ ಹೆಂಗಸರೇ ಚಪ್ಪಾಳೆ ತಟ್ಟಿದರು. ಆಮೇಲೆ ಕಾಡಪ್ಪ ಹತ್ತಿದ. ಅವನು ಬಾಯಿ ತೆರೆದದ್ದೇ ತಡ, ಆಚೆ ದಂಡೆಯ ಪಂಚೆಯೂ ಎದ್ದಿತು, ಗುಡ್ಡದ ಮೇಲಿನದೂ ಎದ್ದಿತು. ಪಂಚರ ಹಿರಿಯ ರೇವಣೆಪ್ಪ ಎದ್ದು ನಿಂತ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ಕಲ್ಲು ಕಾಡಪ್ಪನ ಪಾಲಾಯಿತು. ಹೆಂಡತಿ ಮಕ್ಕಳಿಗೆ ಒಂದಂಕಣ ಸಾಲದು ಅಂತ ಅವನು ಊರೊಳಗಿನ ತನ್ನ ಮನೆಯಲ್ಲೇ ಉಳಿದ, ಕಲ್ಲಿಗೆ ಸೇರಿದ ಮನೆಯ ಕೀಲಿಕೈ ಪಂಚರ ಹತ್ತಿರವೇ ಉಳಿಯಿತು. ವರ್ಷವೆಲ್ಲ ಮಾತು ತಪ್ಪದೆ ಕೂಗುತ್ತೇನೆ, ಒಂದು ದಿನವೂ ಬಿಡುವುದಿಲ್ಲ ಅಂತ ಅವನು ಎಲ್ಲರೆದುರು ತನಗೆ ತಾನು ಮಾತು ಕೊಟ್ಟುಕೊಂಡ. ಅದು ಕಲ್ಲಿನ ಪದ್ಧತಿ.

ಹಂಪವ್ವ ಗಿರಣಿಗೆ ಬಂದು ಅತ್ತಳು. ಬಿಕ್ಕಿ ಬಿಕ್ಕಿ, ಗಟ್ಟಿಯಾಗಿ ಅತ್ತಳು. ಗಟ್ಟಿಯಾಗಿ ಅಳುವುದಾದರೂ ಬಂತಲ್ಲ ಅಂತ ನನಗೆ ಅನ್ನಿಸಿತು, ಬಾಯಿ ಬಿಟ್ಟು ಹೇಳಲಿಲ್ಲ. ಪಂಚರ ಮೇಲೆ, ಕಾಡಪ್ಪನ ಮೇಲೆ, ಆ ಗುಡ್ಡದ ಮೇಲೂ ನನಗೆ ಸಿಟ್ಟು. ಗುಡ್ಡಕ್ಕೆ ಕೇಳಿಸಿ ಆಗಬೇಕಾದ್ದೇನು? ಗುಡ್ಡ ಹೊಳೆ ದಾಟುತ್ತದೆಯೇ?

ಮರುದಿನ ನಸುಕಿನಲ್ಲಿ ಸೆಗಣಿಗೆ ಹೋದವಳು ನೋಡುತ್ತೇನೆ, ಹಂಪವ್ವ ಎಂದಿನಂತೆ ಒಗೆಯುವ ಕಲ್ಲುಗಳ ಬಳಿ ನಿಂತು ಕೂಗುತ್ತಿದ್ದಾಳೆ.

“ಎಲ್ಲಾ ಮುಗೀತಲ್ಲ, ಇನ್ನ ಯಾಕ ಬರ್ತಿ?” ಅಂದೆ.

“ಕಲ್ಲು ಸಿಗಲಿ ಅಂತ ಶುರು ಮಾಡಿದ್ದೆ, ಖರೆ,” ಅಂದಳು. “ಆದ್ರ ಮಾತು ಪಂಚರಿಗೆ ಕೊಟ್ಟಿದ್ದಿಲ್ಲಕ್ಕ. ನನಗ ಕೊಟ್ಟಿದ್ದೆ.”

ಮಂಜು ಇಳಿಯಿತು. ಕಾಡಪ್ಪ ಕೂಗಿದ, ನಾವು ದಾಟಿದೆವು, ಯಾರಿಗೂ ಚಿಂತೆ ಇರಲಿಲ್ಲ. ಹೀಗಿರುವಾಗ ಒಂದು ದಿನ ಅವನ ಸಣ್ಣ ಮಗಳಿಗೆ ಇರುಳೆಲ್ಲ ಹೊಟ್ಟೆನೋವು, ಗಂಡ ಹೆಂಡತಿ ಇಬ್ಬರೂ ಕಣ್ಣು ಮುಚ್ಚಲಿಲ್ಲ. ನಸುಕಿನಲ್ಲಿ ಒಂದು ಜೊಂಪು ಹತ್ತಿತು. ಎಚ್ಚರಾಗಿ ಓಡಿ ಬರುವ ಹೊತ್ತಿಗೆ ಬಿಸಿಲು ಬಿದ್ದಿತ್ತು, ದಾಟುವವರು ದಂಡೆಯಲ್ಲೇ ಕೂತಿದ್ದರು. ಯಾರೂ ಏನೂ ಅನ್ನಲಿಲ್ಲ. ಅವನ ದನಿಯೂ ಅಂಥದ್ದೇನು ಇಳಿದಿರಲಿಲ್ಲ, ಗಂಟಲಲ್ಲಿ ಒಂದು ಎಳೆ ಒಡಕು, ಅಷ್ಟೇ. ನಮಗೆಲ್ಲ ವರ್ಷಕ್ಕೆ ಹತ್ತು ಸಲ ಆಗುವಂಥದ್ದು. ಆದರೆ ಅವನಿಗೆ ಅದು ಹುಟ್ಟಿದಾರಭ್ಯ ಮೊದಲನೆಯದು. ತನ್ನ ದನಿ ತನಗೇ ಬೇರೆಯಾಗಿ ಕೇಳಿಸಿ ಅವನ ಮುಖ ಬಿಳಿಚಿಕೊಂಡಿತು.

ಹಾಗೆ ಹೆದರಿದವನು ಮಾಡುವುದನ್ನೇ ಅವನೂ ಮಾಡಿದ. ತಪ್ಪಿದ್ದನ್ನು ತುಂಬಿಕೊಳ್ಳಲು ಅದೇ ಗಳಿಗೆ ಇನ್ನೂ ದೊಡ್ಡ ಮಾತು ಕೊಟ್ಟುಕೊಂಡ: ಇನ್ನು ಮಾಗಿ ಮುಗಿಯುವವರೆಗೂ ಮಲಗುವುದೇ ಇಲ್ಲ. ನಾನು ಎದುರಿಗೇ ನಿಂತು ಕೇಳಿದೆ. “ತಮ್ಮಾ, ಬ್ಯಾಡೋ!” ಅಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ. ಮನುಷ್ಯರು ನಿದ್ದೆ ಬಿಟ್ಟು ಎಷ್ಟು ದಿನ ಇದ್ದಾರು? ಮಲಗಿದ, ದನಿ ಇಳಿಯಿತು. ಇನ್ನೂ ದೊಡ್ಡ ಮಾತು, ಇನ್ನೂ ಇಳಿತ. ಆಮೇಲಿನದನ್ನೆಲ್ಲ ಯಾರಿಗೂ ಹೇಳದೆ ಒಳಗೊಳಗೇ ನಡೆಸಿದ, ನಮಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಮಂಜಿನಲ್ಲಿ ನಾವು ಕಿವಿಗೊಟ್ಟು ನಡೆಯುತ್ತ, ಚಳಿಗೆ ಗಂಟಲು ಕಟ್ಟಿರಬೇಕು ಅಂದುಕೊಂಡೆವು.

ಎಳ್ಳಮಾವಾಸ್ಯೆಯ ಹಿಂದಿನ ಸಂತೆ. ಹಬ್ಬದ ಸಂತೆ ಅಂತ ಊರಿಗೆ ಊರೇ ನೀರಿಗಿಳಿದಿತ್ತು. ನನ್ನ ತಲೆಯ ಮೇಲೆ ಹಿಟ್ಟಿನ ಚೀಲ. ನನ್ನ ಮುಂದೆ ಗುರುಪಾದ, ಅವನ ಹೆಗಲು ಹಿಡಿದು ಶರಣವ್ವ. ಬೆನ್ನಿಗೆ ಕಾಡಪ್ಪನ ದನಿ, ಸಣ್ಣಗೆ, ಒಡೆದು ಬರುತ್ತಿತ್ತು. ನಡುನೀರಿಗೆ ಬಂದೆವು. ದನಿ ನಿಂತಿತು.

ನಾವೂ ನಿಂತೆವು. ಸುತ್ತ ಬರೀ ಬಿಳಿ. ಯಾವುದು ಮುಂದೆ, ಯಾವುದು ಹಿಂದೆ? ಕಾಲ ಕೆಳಗೆ ನೀರು ಎಳೆಯುತ್ತಿತ್ತು. ಮುಂದೆ ಯಾರೋ ಹೆಂಗಸು ಅಳತೊಡಗಿದಳು. ಅದು ಕೇಳಿ ದಂಡೆಯಲ್ಲಿ ಉಳಿದಿದ್ದವರೆಲ್ಲ ಒಮ್ಮೆಗೇ ಕೂಗಿದರು, ಒಬ್ಬ ಅಲ್ಲಿಂದ, ಒಬ್ಬ ಇಲ್ಲಿಂದ, ‘ಹಿಂಗ ಬರ್ರೀ’, ‘ಹಂಗ ಬರ್ರೀ’. ದಿಕ್ಕು ಇನ್ನೂ ಕೆಟ್ಟುಹೋಯಿತು. ಶರಣವ್ವ ಗಾಬರಿಯಲ್ಲಿ ಗಂಡನ ಹೆಗಲು ಬಿಟ್ಟು ಒಂದು ಕೂಗಿನ ಕಡೆ ತಿರುಗಿದಳು. ಎರಡು ಹೆಜ್ಜೆ ಇಡುವುದರೊಳಗೆ ಅವಳಿಗೆ ಸೊಂಟದವರೆಗೆ ನೀರು. ನಾನು ಚೀಲ ಬಿಸಾಕಿ ಅವಳ ಸೆರಗು ಹಿಡಿದೆ. ನನ್ನ ಕಾಲೂ ಜಾರತೊಡಗಿತು. ಇಲ್ಲಿಗೆ ನಮ್ಮ ಋಣ ತೀರಿತು ಅಂದುಕೊಂಡೆ.

“ಬಾಯಿ ಮುಚ್ರೀ ಎಲ್ಲಾರೂ!”

ಸಿಡಿಲು ಬಿದ್ದಂತೆ ಎಲ್ಲ ನಿಂತಿತು. ಯಾರ ದನಿ ಅಂತ ಗುರುತಿಸಲು ನನಗೇ ಒಂದು ಗಳಿಗೆ ಬೇಕಾಯಿತು. ಒಗೆಯುವ ಕಲ್ಲುಗಳ ಬಳಿ ಎಂದಿನ ಕೂಗು ಕೂಗಲು ಬಂದಿದ್ದ ಹಂಪವ್ವ ಓಡಿ ಕೂಗುಗಲ್ಲು ಹತ್ತಿದ್ದಳು. ಅಲ್ಲಿ ಕಾಡಪ್ಪ ಬಾಯಿ ತೆರೆದುಕೊಂಡು, ಕಣ್ಣೀರು ಸುರಿಸುತ್ತ, ಒಂದು ಸದ್ದೂ ಬರದೆ ನಿಂತಿದ್ದನಂತೆ. ಅವನ ಹೆಗಲ ಮೇಲೆ ಕೈಯಿಟ್ಟು ಅವಳು ಕೂಗತೊಡಗಿದಳು.

“ನಿಂತಲ್ಲೇ ನಿಲ್ರಿ. ನನ್ನ ದನಿ ಕೇಳ್ರಿ. ಬರ್ರೀ, ಹಿಂಗ ಬರ್ರೀ.”

ದೊಡ್ಡ ದನಿಯೇನಲ್ಲ. ಗುಡ್ಡಕ್ಕೆ ಕೇಳಿಸುವಂಥದ್ದಲ್ಲ. ಆದರೆ ಒಂದೇ ಕಡೆಯಿಂದ, ಒಂದೇ ಸಮನೆ, ಅವಸರವಿಲ್ಲದೆ ಬರುತ್ತಿತ್ತು. ಆ ಕಡೆ ಮುಖ ಮಾಡಿ ನಾನು ಶರಣವ್ವನನ್ನು ಎಳೆದೆ. ನೀರು ಸೊಂಟದಿಂದ ತೊಡೆಗೆ, ತೊಡೆಯಿಂದ ಮೊಣಕಾಲಿಗೆ ಇಳಿಯಿತು. ಒಬ್ಬೊಬ್ಬರಾಗಿ ಎಲ್ಲರೂ ಹಿಂದಕ್ಕೆ ಬಂದು ದಂಡೆ ಸೇರಿದೆವು. ಬಿಸಿಲು ಬಂದು ಮಂಜು ಕರಗುವವರೆಗೆ ಅವಳು ನಿಲ್ಲಿಸಲಿಲ್ಲ. ಶರಣವ್ವ ಒದ್ದೆ ಸೀರೆಯಲ್ಲಿ ಕಲ್ಲಿನ ಬುಡದಲ್ಲಿ ಕುಸಿದು ಕೂತು, ತಲೆ ಎತ್ತಿ ನಾದಿನಿಯನ್ನು ನೋಡುತ್ತಲೇ ಇದ್ದಳು.

ಅವತ್ತೇ ಪಂಚರು ಕೂಡಿದರು. ರೇವಣೆಪ್ಪ ಮನೆಯ ಕೀಲಿಕೈ ಹಿಡಿದುಕೊಂಡು, “ಹಂಪವ್ವಾ, ಕಲ್ಲು ನಿಂದವ್ವಾ. ಪದ್ಧತಿ ಪ್ರಕಾರ ಮಾತು ಕೊಟ್ಕೋ, ವರ್ಷಾ ಒಂದು ದಿನಾನೂ ತಪ್ಪೂದಿಲ್ಲ ಅಂತ,” ಅಂದ.

ಹಂಪವ್ವ ಕೀಲಿಕೈ ನೋಡಿದಳು. ಎಷ್ಟು ಆಸೆಪಟ್ಟಿದ್ದಳು ಅಂತ ನನಗೆ ಗೊತ್ತು. ಕೈ ಚಾಚಲಿಲ್ಲ.

“ಆ ಮಾತು ಕೊಟ್ಕೊಳ್ಳೂದಿಲ್ರಿ,” ಅಂದಳು.

ಕಟ್ಟೆಯ ಮೇಲೆ ಗುಜುಗುಜು ಎದ್ದಿತು. “ಯಾಕಬೇ?” ಅಂದ ರೇವಣೆಪ್ಪ.

“ತಪ್ತೀನ್ರಿ. ಇಂದಲ್ಲ ನಾಳೆ ತಪ್ಪೇ ತಪ್ತೀನಿ. ನಿದ್ದಿ ಹತ್ತತೈತಿ, ಜ್ವರ ಬರ್ತೈತಿ, ಬ್ಯಾಸರಾನೂ ಆಗತೈತಿ. ತಪ್ಪಿದ ಮರುದಿನ ಬಂದು ನಿಲ್ತೀನಿ, ಇದ್ದಷ್ಟು ದನೀಲೆ ಕೂಗ್ತೀನಿ. ಬೇಕಾದ್ರ ಆ ಮಾತು ಕೊಟ್ಕೊಳ್ತೀನಿ. ಮತ್ತ ಕಾಡಪ್ಪನ್ನ ಕಳಸಬ್ಯಾಡ್ರಿ. ನಾ ಇಲ್ಲದ ದಿನಕ್ಕ ಆಂವ ಬೇಕು.”

ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ ಕಾಡಪ್ಪ ತಲೆ ಎತ್ತಿದ. ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಪ್ಪುತ್ತೇನೆ ಅಂತ ಮೊದಲೇ ಹೇಳಿದವರನ್ನು ಆ ಕಲ್ಲಿನ ಮೇಲೆ ಅದುವರೆಗೆ ಯಾರೂ ನಿಲ್ಲಿಸಿರಲಿಲ್ಲ. ಕೊನೆಗೆ ರೇವಣೆಪ್ಪ ಎದ್ದು ಬಂದು ಕೀಲಿಕೈಯನ್ನು ಅವಳ ಕೈಯಲ್ಲಿಟ್ಟ. ಅವಳು ಅದೇ ದಿನ ಟ್ರಂಕು ಎತ್ತಿಕೊಂಡು ಆ ಮನೆಗೆ ಹೋದಳು.

ಅವಳು ತಪ್ಪುತ್ತಾಳೋ ಇಲ್ಲವೋ ಅಂತ ಊರಿಗೆಲ್ಲ ಕುತೂಹಲ. ಚಹದಂಗಡಿಯಲ್ಲಿ ಪಂಥ ಕಟ್ಟಿದವರೂ ಇದ್ದರು. ಮಾಗಿ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ ಕಲ್ಲಿನ ಮೇಲೆ ಅವಳು ಕಾಣಲಿಲ್ಲ. ಜ್ವರವಿಲ್ಲ, ಏನಿಲ್ಲ, ನಿದ್ದೆ ಹತ್ತಿತ್ತು, ಅಷ್ಟೇ. ದಿನಕ್ಕೊಂದು ಎಳೆ ದನಿ ಕೂಡಿಸಿಕೊಳ್ಳುತ್ತಿದ್ದ ಕಾಡಪ್ಪ ಅವತ್ತು ಕೂಗಿದ, ದಾಟಿ ಬಂದೆವು.

ಮರುದಿನ ನಸುಕಿಗೆ ಬೇಕಾದವರೂ ಬೇಡವಾದವರೂ ದಂಡೆಗೆ ಬಂದು ನಿಂತರು. ಬರುತ್ತಾಳೋ, ಮುಖ ಮುಚ್ಚಿಕೊಂಡು ಒಳಗೇ ಕೂರುತ್ತಾಳೋ? ಮಂಜು ದಟ್ಟವಾಗಿತ್ತು, ಮನೆ ಕಾಣುತ್ತಿರಲಿಲ್ಲ. ಬಾಗಿಲು ತೆರೆದ ಸದ್ದಾಯಿತು. ಹಂಪವ್ವ ಬಂದಳು, ನಮ್ಮ ನಡುವೆಯೇ ದಾರಿ ಮಾಡಿಕೊಂಡು ಹೋಗಿ ಕಲ್ಲು ಹತ್ತಿದಳು, ಎರಡೂ ಕಾಲು ಊರಿ ನಿಂತಳು. “ನಿನ್ನೆ ಮಲಗಿಬಿಟ್ಟೆ,” ಅಂದಳು. ದಿನಾ ಒಮ್ಮೆ ಬಂದು ಕೂಗುತ್ತೇನೆ ಅಂತ ಮೊದಲು ಕೊಟ್ಟುಕೊಂಡ ಮಾತು ತಪ್ಪಿತ್ತಲ್ಲ, ದನಿ ಒಂದು ಎಳೆ ಸಣ್ಣಗಾಗಿತ್ತು. ಆಮೇಲೆ ಕೂಗತೊಡಗಿದಳು. ನಾವು ಸೀರೆ, ಪಂಚೆ ಎತ್ತಿ ಕಟ್ಟಿ ನೀರಿಗಿಳಿದೆವು. ಆ ದಿನ ಯಾರೂ ಮಾತಾಡಲಿಲ್ಲ, ಒಬ್ಬರಿಗೊಬ್ಬರು ಸ್ವಲ್ಪ ಹತ್ತಿರ ನಡೆದೆವು, ಕಿವಿಗೊಟ್ಟು ಮೆಲ್ಲಗೆ ಹೆಜ್ಜೆ ಇಟ್ಟೆವು, ಎಲ್ಲರೂ ಆಚೆ ದಂಡೆ ಸೇರಿದೆವು.